ದೂರು ಬಾರದಿರುವುದು ತೃಪ್ತಿಯ ಲಕ್ಷಣವೇ?

ಮೌನವು ಸಮ್ಮತಿಯ ಲಕ್ಷಣವೆಂಬ ಮಾತು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಮದುವೆಯ ಮಾತುಕತೆಯಲ್ಲಿ ಹಿರಿಯರೂ, ನಿರ್ಣಯವನ್ನು ಅಂಗೀಕರಿಸುವಾಗ ಸಭಾಧ್ಯಕ್ಷರೂ ಈ ಮಾತನ್ನು ಆಶ್ರಯಿಸುವುದುಂಟು. ವ್ಯಾಪಾರದಲ್ಲಿಯೂ ಇದೇ ಮಾತು ಬೇರೊಂದು ರೂಪದಲ್ಲಿ ಬಳಕೆಯಲ್ಲಿದೆ. ಉಪಾಹಾರ ಮಂದಿರವೊಂದು ತಾನು ಬಳಸುತ್ತಿದ್ದ ಎಣ್ಣೆಯನ್ನೋ, ಕಾಫಿಪುಡಿಯನ್ನೋ, ಪನೀರನ್ನೋ ಬದಲಾಯಿಸುತ್ತದೆ. ಕೆಲವು ತಿಂಗಳ ಬಳಿಕ ಯಾರಾದರೂ ವಿಚಾರಿಸಿದರೆ, "ನಮಗೆ ದೂರುಗಳೇ ಬಂದಿಲ್ಲ, ಗಿರಾಕಿಗಳೆಲ್ಲ ತೃಪ್ತರಾಗಿದ್ದಾರೆ" ಎಂಬ ಉತ್ತರ ದೊರೆಯುತ್ತದೆ.

ಈ ಉತ್ತರದಲ್ಲಿ ಎರಡು ಮಾತುಗಳಿವೆ. ದೂರುಗಳು ಬಂದಿಲ್ಲವೆಂಬುದು ಒಂದು. ಅದು ಲೆಕ್ಕದ ಮಾತು, ನಿಜವೇ ಇರಬಹುದು. ಗಿರಾಕಿಗಳು ತೃಪ್ತರಾಗಿದ್ದಾರೆಂಬುದು ಇನ್ನೊಂದು; ಅದು ಲೆಕ್ಕದಿಂದ ತೆಗೆದ ತೀರ್ಮಾನ. ಮೊದಲನೆಯದು ನಿಜವಾದ ಮಾತ್ರಕ್ಕೆ ಎರಡನೆಯದೂ ನಿಜವಾಗುವುದೇ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪಾಠದ ಉದ್ದೇಶವಾಗಿದೆ. ತಿನ್ನುವ ಅನ್ನದ ವಿಷಯವಾದುದರಿಂದ ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಆರೋಗ್ಯ, ಆಚಾರ ಮತ್ತು ವಿಶ್ವಾಸಗಳೂ ಇದರಲ್ಲಿ ಅಡಕವಾಗಿವೆ.

1. ಗಲ್ಲಾಪೆಟ್ಟಿಗೆಯಿಂದ ಕಾಣುವುದೆಷ್ಟು?

ಮೊದಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ದೊಡ್ಡ ನಗರವೊಂದರಲ್ಲಿ ದಕ್ಷಿಣ ಭಾರತೀಯ ತಿಂಡಿಗಳ ಹೋಟೆಲೊಂದಿದೆಯೆಂದು ಭಾವಿಸಿರಿ. ಅಲ್ಲಿಗೆ ನಿತ್ಯವೂ ಕಾಫಿಗೆಂದು ಬರುವ ರೂಢಿಯ ಗಿರಾಕಿಗಳು 200 ಮಂದಿ. ಹೋಟೆಲಿನ ಕಾಫಿಪುಡಿಯಲ್ಲಿ ಈವರೆಗೆ ನೂರಕ್ಕೆ 20 ಪಾಲು ಚಿಕೋರಿ ಇತ್ತು. ಬೆಲೆ ಏರಿದ ಕಾರಣ ಮಾಲೀಕರು ಅದನ್ನು 45 ಪಾಲಿಗೆ ಹೆಚ್ಚಿಸಿದರು. ಕಾಫಿ ಮತ್ತು ಚಿಕೋರಿಯ ಮಿಶ್ರಣದಲ್ಲಿ ಕಾಫಿಯ ಅಂಶ ನೂರಕ್ಕೆ 51ಕ್ಕಿಂತ ಕಡಿಮೆಯಿರಬಾರದೆಂಬುದು ನಮ್ಮ ದೇಶದ ನಿಯಮ. ಆದುದರಿಂದ ಮಾಲೀಕರು ಮಿಶ್ರಣದ ಮಿತಿಯನ್ನು ಮೀರಿಲ್ಲ. ಒಂದು ತಿಂಗಳಲ್ಲಿ ನಾಲ್ವರು ಮಾತ್ರ ಗಲ್ಲಾದ ಬಳಿ ಬಂದು, "ಯಾಕೋ ಕಾಫಿ ಮೊದಲಿನ ಹಾಗಿಲ್ಲವಲ್ಲ ಸ್ವಾಮಿ" ಎಂದರು. 200 ಮಂದಿಯಲ್ಲಿ ನಾಲ್ವರು, ಅಂದರೆ ನೂರಕ್ಕೆ ಇಬ್ಬರು. ಉಳಿದ 98 ಮಂದಿಗೆ ಒಪ್ಪಿಗೆಯಾಗಿದೆಯೆಂದು ಮಾಲೀಕರು ನಿಶ್ಚಿಂತರಾದರು.

ಆದರೆ ಆ 200 ಮಂದಿಯ ಮನಸ್ಸನ್ನು ಒಬ್ಬೊಬ್ಬರಂತೆ ತೆರೆದು ನೋಡಲು ಸಾಧ್ಯವಾಯಿತೆನ್ನಿ. ಆಗ ಕಾಣುವ ಚಿತ್ರ ಹೀಗಿರಬಹುದು: 90 ಮಂದಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. 60 ಮಂದಿಗೆ ರುಚಿ ಬೇರೆ ಎನಿಸಿತು. ಆದರೆ ಆ ದಿನ ಡಿಕಾಕ್ಷನ್ ಸರಿಯಾಗಿ ಇಳಿದಿಲ್ಲವೆಂದೋ, ತಮ್ಮ ನಾಲಗೆಯೇ ಕೆಟ್ಟಿದೆಯೆಂದೋ ಸುಮ್ಮನಾದರು. 30 ಮಂದಿ ಜೊತೆಗಿದ್ದ ಸ್ನೇಹಿತರ ಬಳಿ ಗೊಣಗಿ ಎದ್ದುಹೋದರು. 16 ಮಂದಿ ಏನನ್ನೂ ಹೇಳದೆ ಎದುರು ಬೀದಿಯ ಹೋಟೆಲಿಗೆ ಹೋಗತೊಡಗಿದರು. ಉಳಿದ ನಾಲ್ವರು ಬಾಯಿಬಿಟ್ಟು ಹೇಳಿದರು.

ವ್ಯತ್ಯಾಸವನ್ನು ಗಮನಿಸಿದವರು ಒಟ್ಟು 110 ಮಂದಿ. ಅವರಲ್ಲಿ ದೂರಿದವರು ನಾಲ್ವರು. ದೂರದಿದ್ದ 196 ಮಂದಿಯನ್ನು ಮಾಲೀಕರು ಒಂದೇ ಗುಂಪಿಗೆ ಸೇರಿಸಿ, ಅದಕ್ಕೆ "ತೃಪ್ತರು" ಎಂಬ ಹೆಸರಿಟ್ಟರು. ವಾಸ್ತವವಾಗಿ ಆ ಗುಂಪಿನಲ್ಲಿ ಅರಿಯದವರು, ಅನುಮಾನಿಸಿದವರು, ಅಸಮಾಧಾನಗೊಂಡವರು ಮತ್ತು ಬಿಟ್ಟುಹೋದವರು ಎಲ್ಲರೂ ಸೇರಿದ್ದಾರೆ. ಬಿಟ್ಟುಹೋದ 16 ಮಂದಿಯ ಸ್ಥಾನಕ್ಕೆ ಹೊಸಬರು ಬಂದು ಕುಳಿತರೆ, ದಿನದ ವ್ಯಾಪಾರದ ಮೊತ್ತದಲ್ಲಿಯೂ ವ್ಯತ್ಯಾಸ ತೋರುವುದಿಲ್ಲ. ಮೇಲಿನ ಅಂಕಿಗಳು ವಿಷಯವನ್ನು ವಿಶದಪಡಿಸಲು ಕಲ್ಪಿಸಿಕೊಂಡವು. ಆದರೆ ದೂರಿನ ಸಂಖ್ಯೆಯೊಂದನ್ನೇ ನೋಡುವವನಿಗೆ ಈ ಐದು ಗುಂಪುಗಳ ಅಂತರವು ಗೋಚರಿಸುವುದೇ ಇಲ್ಲವೆಂಬುದು ಕಲ್ಪನೆಯಲ್ಲ.

2. ಹನ್ನೊಂದು ವರ್ಷಗಳ ಮೌನ

ಈಗ ನಿಜವಾಗಿ ನಡೆದ ಪ್ರಕರಣವೊಂದನ್ನು ಪರಿಶೀಲಿಸೋಣ. ಇದು ಅಮೆರಿಕ ಸಂಯುಕ್ತ ಸಂಸ್ಥಾನದ್ದಾದರೂ, ಅಲ್ಲಿ ನೆಲೆಸಿದ ಭಾರತೀಯರಿಗೆ ನೇರವಾಗಿ ಸಂಬಂಧಿಸಿದುದಾಗಿದೆ.

ಮೆಕ್‌ಡೊನಾಲ್ಡ್ಸ್ ಎಂಬ ಪ್ರಸಿದ್ಧ ಉಪಾಹಾರ ಸಂಸ್ಥೆಯು ಆಲೂಗಡ್ಡೆಯನ್ನು ಉದ್ದುದ್ದವಾಗಿ ಹೆಚ್ಚಿ ಕರಿದು ಮಾರುವ ಫ್ರೆಂಚ್ ಫ್ರೈಸ್‌ಗೆ ಹೆಸರಾದುದು. ಅಮೆರಿಕದಲ್ಲಿ ಈ ತಿನಿಸನ್ನು ಹಲವು ದಶಕಗಳ ಕಾಲ ಬಹುಪಾಲು ದನದ ಕೊಬ್ಬಿನಲ್ಲಿಯೇ ಕರಿಯಲಾಗುತ್ತಿತ್ತು. ಹೃದ್ರೋಗಕ್ಕೂ ಇಂತಹ ಕೊಬ್ಬಿಗೂ ಇರುವ ಸಂಬಂಧದ ಬಗ್ಗೆ ಸಾರ್ವಜನಿಕ ಟೀಕೆ ಹೆಚ್ಚಿದುದರಿಂದ, ಸಂಸ್ಥೆಯು 1990ರ ಜುಲೈ ತಿಂಗಳಿನಲ್ಲಿ ಕರಿಯುವುದಕ್ಕೆ ಸಂಪೂರ್ಣವಾಗಿ ಸಸ್ಯಜನ್ಯ ಎಣ್ಣೆಯನ್ನೇ ಬಳಸುವುದಾಗಿ ಪ್ರಕಟಿಸಿತು.

ಸಸ್ಯಾಹಾರಿಗಳಾದ ಅನೇಕರು ಈ ಪ್ರಕಟಣೆಯನ್ನು ತಮಗೆ ತಿಳಿದಂತೆ ಅರ್ಥ ಮಾಡಿಕೊಂಡರು. ಆಲೂಗಡ್ಡೆ ಸಸ್ಯ, ಎಣ್ಣೆಯೂ ಸಸ್ಯಜನ್ಯ. ಇನ್ನು ಆಕ್ಷೇಪವೇನೆಂದು ನಿಶ್ಚಿಂತೆಯಿಂದ ತಿಂದರು. ಆದರೆ ಹಳೆಯ ರುಚಿಯನ್ನು ಉಳಿಸಿಕೊಳ್ಳುವ ಸಲುವಾಗಿ ಆಲೂಗಡ್ಡೆಗೆ ರುಚಿಕಾರಕವೊಂದನ್ನು ಸೇರಿಸಲಾಗುತ್ತಿತ್ತು. ಅದು ಗೋಮಾಂಸದಿಂದ ತಯಾರಾದ ಅಂಶವನ್ನು ಒಳಗೊಂಡಿತ್ತು. ಪದಾರ್ಥಗಳ ಪಟ್ಟಿಯಲ್ಲಿ "ಸಹಜ ರುಚಿಕಾರಕ" ಎಂದಷ್ಟೇ ನಮೂದಾಗಿದ್ದುದರಿಂದ, ಓದಿದವರಿಗೂ ಅದರ ಮೂಲ ತಿಳಿಯುವಂತಿರಲಿಲ್ಲ.

2001ರಲ್ಲಿ ಈ ಸಂಗತಿ ವ್ಯಾಪಕವಾಗಿ ಬೆಳಕಿಗೆ ಬಂದಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ವಾಷಿಂಗ್‌ಟನ್ ರಾಜ್ಯದ ಸಿಯಾಟಲ್ ನಗರದಲ್ಲಿ, ಹಿಂದೂಗಳು ಮತ್ತು ಇತರ ಸಸ್ಯಾಹಾರಿಗಳ ಪರವಾಗಿ ಭಾರತೀಯ ಮೂಲದ ವಕೀಲರೊಬ್ಬರು ದಾವೆ ಹೂಡಿದರು. ಅಮೆರಿಕದ ಗ್ರಾಹಕರಿಗೆ ಈ ತಿನಿಸು ಸಸ್ಯಾಹಾರವೆಂದು ತಾನು ಎಂದೂ ಹೇಳಿರಲಿಲ್ಲವೆಂಬುದು ಸಂಸ್ಥೆಯ ವಾದವಾಗಿತ್ತು. 2002ರಲ್ಲಿ ಸಂಸ್ಥೆಯು ರಾಜಿಗೆ ಒಪ್ಪಿ, ಹಿಂದೂ, ಸಸ್ಯಾಹಾರಿ ಮತ್ತಿತರ ಸಂಘಟನೆಗಳಿಗೆ ಒಟ್ಟು 1 ಕೋಟಿ ಡಾಲರ್ ನೀಡಲು ಸಮ್ಮತಿಸಿತಲ್ಲದೆ, ಗ್ರಾಹಕರಿಗೆ ಸರಿಯಾದ ಮಾಹಿತಿ ನೀಡದುದಕ್ಕಾಗಿ ಬಹಿರಂಗವಾಗಿ ಕ್ಷಮೆ ಯಾಚಿಸಿತು. ಭಾರತದಲ್ಲಿ 1996ರಲ್ಲಿ ಆರಂಭವಾದ ಈ ಸಂಸ್ಥೆಯ ಮಳಿಗೆಗಳಲ್ಲಿ ಗೋಮಾಂಸದ ತಿನಿಸುಗಳನ್ನು ಮೊದಲಿನಿಂದಲೂ ಮಾರಿಲ್ಲ. ಆದರೂ ಅಮೆರಿಕದ ಸುದ್ದಿ ತಲುಪಿದಾಗ ಇಲ್ಲಿಯೂ ಪ್ರತಿಭಟನೆಗಳು ನಡೆದವು. ಇಲ್ಲಿನ ತಿನಿಸಿನಲ್ಲಿ ಅಂತಹ ರುಚಿಕಾರಕವಿಲ್ಲವೆಂದು ಸಂಸ್ಥೆಯು ಸ್ಪಷ್ಟೀಕರಣ ನೀಡಬೇಕಾಯಿತು.

ಇಲ್ಲಿ ನಾವು ಗಮನಿಸಬೇಕಾದುದು ಮೊಕದ್ದಮೆಯ ಫಲಿತಾಂಶಕ್ಕಿಂತ ಹೆಚ್ಚಾಗಿ, ಅದಕ್ಕೆ ಹಿಂದಿನ ಸುಮಾರು 11 ವರ್ಷಗಳನ್ನು. 1990ರಿಂದ 2001ರವರೆಗೆ ಸಸ್ಯಾಹಾರಿ ಗಿರಾಕಿಗಳ ಪೈಕಿ ಯಾರಾದರೂ ರೊಚ್ಚಿಗೆದ್ದು ಮಳಿಗೆಯ ಮುಂದೆ ನಿಂತಿದ್ದರೆ? ಹಾಗಾಗಲಿಲ್ಲ. ಆ ಅವಧಿಯ ಯಾವುದೇ ದಿನ ದೂರುಗಳ ಕಡತವನ್ನು ತೆರೆದು ನೋಡಿದವನು, ಸಸ್ಯಾಹಾರಿಗಳು ಸಂತುಷ್ಟರಾಗಿದ್ದಾರೆಂದೇ ಬರೆದುಕೊಳ್ಳುತ್ತಿದ್ದನು. ಒಂದು ದೃಷ್ಟಿಯಿಂದ ಅದು ಸುಳ್ಳೂ ಅಲ್ಲ. ತಿನ್ನುವಾಗ ಅವರು ಸಂತುಷ್ಟರಾಗಿಯೇ ಇದ್ದರು. ಆದರೆ ಅವರು ಮೆಚ್ಚಿದ್ದು ತಾವು ತಿನ್ನುತ್ತಿದ್ದೇವೆಂದು ಭಾವಿಸಿದ್ದ ಪದಾರ್ಥವನ್ನು, ನಿಜವಾಗಿ ತಟ್ಟೆಯಲ್ಲಿದ್ದ ಪದಾರ್ಥವನ್ನಲ್ಲ. ಅರಿವಿಲ್ಲದ ಮೌನಕ್ಕೆ ಸಮ್ಮತಿಯೆಂಬ ಹೆಸರು ಸಲ್ಲದು. ಅರಿವು ಬಂದೊಡನೆಯೇ ಆ ಮೌನ ದಾವೆಯಾಗಿ ಮಾರ್ಪಟ್ಟುದು ಇದಕ್ಕೆ ಸಾಕ್ಷಿಯಾಗಿದೆ.

3. ಗದ್ದಲವೆದ್ದ 79 ದಿನಗಳು

ಇದಕ್ಕೆ ತದ್ವಿರುದ್ಧವಾದ ಪ್ರಕರಣವೊಂದೂ ಇದೆ. 1985ರ ಏಪ್ರಿಲ್ 23ರಂದು ಕೋಕಾ ಕೋಲಾ ಸಂಸ್ಥೆಯು ತನ್ನ ಪಾನೀಯದ ಹಳೆಯ ಪಾಕಕ್ರಮವನ್ನು ಬದಲಾಯಿಸಿರುವುದಾಗಿ ಅಮೆರಿಕದಲ್ಲಿ ಘೋಷಿಸಿತು. ಹೆಸರು ಕಾಣದಂತೆ ರುಚಿ ನೋಡಿಸಿದ ಪರೀಕ್ಷೆಗಳಲ್ಲಿ ಹೆಚ್ಚಿನವರು ಹೊಸ ಪಾನೀಯವನ್ನೇ ಮೆಚ್ಚಿದ್ದರು. ಆದರೂ ಸಂಸ್ಥೆಗೆ ದಿನಕ್ಕೆ ಸುಮಾರು 400ರಷ್ಟು ಬರುತ್ತಿದ್ದ ದೂರವಾಣಿ ಕರೆಗಳು ಜೂನ್ ವೇಳೆಗೆ 1,500ಕ್ಕೆ ಏರಿದವು. 79 ದಿನಗಳ ನಂತರ, ಜುಲೈ 11ರಂದು, ಹಳೆಯ ಪಾನೀಯವನ್ನು ಮತ್ತೆ ಮಾರುಕಟ್ಟೆಗೆ ತರುವುದಾಗಿ ಸಂಸ್ಥೆ ಪ್ರಕಟಿಸಬೇಕಾಯಿತು.

ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ವಿಚಿತ್ರವೆನಿಸುತ್ತದೆ. ಸಕ್ಕರೆ ನೀರಿನ ರುಚಿ ತುಸು ಬದಲಾದುದಕ್ಕೆ ದಿನಕ್ಕೆ ಸಾವಿರಕ್ಕೂ ಹೆಚ್ಚು ಕರೆಗಳು. ಧಾರ್ಮಿಕ ನಿಷೇಧವಿರುವ ಪದಾರ್ಥ ಆಹಾರದಲ್ಲಿ ಸೇರಿದ್ದರೂ ವರ್ಷಗಟ್ಟಲೆ ಮೌನ. ದೂರುಗಳ ಸಂಖ್ಯೆಯೇ ಅಸಮಾಧಾನದ ಅಳತೆಗೋಲಾಗಿದ್ದರೆ, ಮೊದಲನೆಯದು ಘೋರ ಅಪರಾಧ, ಎರಡನೆಯದು ಕ್ಷುಲ್ಲಕ ಸಂಗತಿ ಎನ್ನಬೇಕಾಗುತ್ತಿತ್ತು. ವ್ಯತ್ಯಾಸವಿರುವುದು ಅಸಮಾಧಾನದ ತೂಕದಲ್ಲಲ್ಲ. ಒಂದು ಕಡೆ ಬದಲಾವಣೆಯನ್ನು ಡಂಗುರ ಸಾರಿ ತಿಳಿಸಲಾಗಿತ್ತು ಮತ್ತು ಕರೆ ಮಾಡಲು ದೂರವಾಣಿ ಸಂಖ್ಯೆಯಿತ್ತು. ಇನ್ನೊಂದು ಕಡೆ ಅರ್ಧ ಸಂಗತಿಯನ್ನು ಮಾತ್ರ ತಿಳಿಸಲಾಗಿತ್ತು.

4. ದೂರು ಹುಟ್ಟುವುದಕ್ಕೆ ಐದು ಮೆಟ್ಟಿಲುಗಳು

ಮೇಲಿನ ಉದಾಹರಣೆಗಳಿಂದ ಒಂದು ತತ್ತ್ವವನ್ನು ಹೊರತೆಗೆಯಬಹುದು. ಅಸಮಾಧಾನವು ದೂರಿನ ರೂಪ ತಾಳಬೇಕಾದರೆ ಐದು ಮೆಟ್ಟಿಲುಗಳನ್ನು ಹತ್ತಬೇಕು.

ಮೊದಲನೆಯದು, ಅರಿವು. ಪದಾರ್ಥ ಬದಲಾಗಿದೆಯೆಂಬುದು ಗಿರಾಕಿಗೆ ತಿಳಿದಿರಬೇಕು. ನಾಲಗೆಗೆ ಸಿಗುವ ಬದಲಾವಣೆ ತಾನೇ ತಿಳಿದೀತು. ಸಿಗದಿರುವುದನ್ನು ಹೇಳಿದರೆ ಮಾತ್ರ ತಿಳಿಯುತ್ತದೆ. ಹಾಲಿನ ಕೊಬ್ಬಿಗೆ ಬದಲಾಗಿ ಸಸ್ಯಜನ್ಯ ಎಣ್ಣೆ ಬಳಸಿ ತಯಾರಿಸಿದ, ಪನೀರನ್ನು ಹೋಲುವ ಪದಾರ್ಥವನ್ನು ಮಸಾಲೆಯಲ್ಲಿ ಬೇಯಿಸಿದರೆ, ಎಷ್ಟು ಮಂದಿ ಗುರುತಿಸಬಲ್ಲರು?

ಎರಡನೆಯದು, ಕಾರಣದ ನಿಶ್ಚಯ. ರುಚಿ ಬೇರೆಯೆನಿಸಿದರೂ, ಅದು ಪದಾರ್ಥದ ದೋಷವೋ, ಅಡುಗೆಯವರ ಕೈತಪ್ಪೋ, ತನ್ನದೇ ಭ್ರಮೆಯೋ ಎಂಬ ಸಂದೇಹವಿರುವವರೆಗೆ ಸಾಮಾನ್ಯ ಗಿರಾಕಿ ಬಾಯಿ ತೆರೆಯುವುದಿಲ್ಲ.

ಮೂರನೆಯದು, ದಾರಿ. ಯಾರಿಗೆ ಹೇಳಬೇಕು? ಬಡಿಸುವವನು ಸಂಬಳಕ್ಕಿರುವವನು, ಗಲ್ಲಾದಲ್ಲಿ ಕುಳಿತವರು ಚಿಲ್ಲರೆ ಎಣಿಸುವ ಅವಸರದಲ್ಲಿರುತ್ತಾರೆ. ದೂರುಪುಸ್ತಕ ಎಲ್ಲಿದೆಯೆಂದು ಕೇಳಿದರೆ ಕೊಡುವ ಹೋಟೆಲುಗಳು ವಿರಳ.

ನಾಲ್ಕನೆಯದು, ಭರವಸೆ. ಹೇಳಿದರೆ ಪ್ರಯೋಜನವಿದೆಯೆಂಬ ನಂಬಿಕೆ ಇರಬೇಕು. "ಎಲ್ಲರೂ ತಿನ್ನುತ್ತಿದ್ದಾರೆ, ನಿಮಗೊಬ್ಬರಿಗೇ ಏನು?" ಎಂಬ ಮರುಪ್ರಶ್ನೆಯನ್ನು ಒಮ್ಮೆ ಕೇಳಿಸಿಕೊಂಡವರು ಮತ್ತೊಮ್ಮೆ ದೂರಲಾರರು. ಈ ಮರುಪ್ರಶ್ನೆಯು ತಾನೇ ಮೌನವನ್ನು ಸೃಷ್ಟಿಸಿ, ಅದೇ ಮೌನವನ್ನು ಸಾಕ್ಷಿಯಾಗಿ ಮುಂದಿಡುತ್ತದೆಂಬುದನ್ನು ಗಮನಿಸಬೇಕು.

ಐದನೆಯದು, ಬೆಲೆ. ದೂರಲು ವೇಳೆ ಬೇಕು, ಧೈರ್ಯ ಬೇಕು, ಜೊತೆಯವರ ಮುಂದೆ ಮುಜುಗರಪಡಲು ಸಿದ್ಧರಿರಬೇಕು. ಇಪ್ಪತ್ತು ಮೂವತ್ತು ರೂಪಾಯಿಯ ಕಾಫಿಗಾಗಿ ಇಷ್ಟನ್ನೂ ವ್ಯಯಿಸುವವರು ಎಷ್ಟು ಮಂದಿ?

ಈ ಐದರಲ್ಲಿ ಯಾವುದೊಂದು ಮೆಟ್ಟಿಲು ಮುರಿದಿದ್ದರೂ ಅಸಮಾಧಾನ ಒಳಗೇ ಉಳಿಯುತ್ತದೆ. ಆದುದರಿಂದ ದೂರುಗಳು ಕಡಿಮೆಯೆಂದು ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ "ಗಿರಾಕಿಗಳು ತೃಪ್ತರೇ?" ಎಂಬುದಲ್ಲ, "ಮೆಟ್ಟಿಲುಗಳು ಸರಿಯಾಗಿವೆಯೇ?" ಎಂಬುದು. ಅಸಮಾಧಾನಗೊಂಡ ಗ್ರಾಹಕರಲ್ಲಿ ಹೆಚ್ಚಿನವರು ಸಂಸ್ಥೆಗೆ ದೂರು ನೀಡುವುದೇ ಇಲ್ಲವೆಂಬುದನ್ನು 1970ರ ದಶಕದಿಂದಲೂ ಅಮೆರಿಕದಲ್ಲಿ ನಡೆದ ಅಧ್ಯಯನಗಳು ತೋರಿಸಿಕೊಟ್ಟಿವೆ.

5. ಹೇಳುವವರು ಮತ್ತು ಹೊರಟುಹೋಗುವವರು

ಆಲ್ಬರ್ಟ್ ಹಿರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಈ ವಿಷಯವನ್ನು ಆಳವಾಗಿ ವಿವೇಚಿಸಿದ್ದಾರೆ. ಸಂಸ್ಥೆಯೊಂದರ ಗುಣಮಟ್ಟ ಕುಸಿದಾಗ ಅದರ ಗ್ರಾಹಕರ ಮುಂದೆ ಮುಖ್ಯವಾಗಿ ಎರಡು ಮಾರ್ಗಗಳಿರುತ್ತವೆ. ಬಾಯಿಬಿಟ್ಟು ಹೇಳುವುದು ಒಂದು. ಸದ್ದಿಲ್ಲದೆ ಬಿಟ್ಟುಹೋಗುವುದು ಇನ್ನೊಂದು. ಬಿಟ್ಟುಹೋಗುವುದು ಸುಲಭವಾದಷ್ಟೂ ಹೇಳುವವರ ಸಂಖ್ಯೆ ಕಡಿಮೆಯಾಗುತ್ತದೆ.

ನೈಜೀರಿಯಾದ ರೈಲ್ವೆಯ ಸ್ಥಿತಿಯನ್ನು ಕಂಡು ಅವರಿಗೆ ಈ ವಿಚಾರ ಹೊಳೆಯಿತು. ಆ ದೇಶದ ಉತ್ತರ ಭಾಗದಲ್ಲಿ ಬೆಳೆಯುವ ಕಡಲೆಕಾಯಿಯನ್ನು ದೂರದ ಬಂದರುಗಳಿಗೆ ಸಾಗಿಸಬೇಕಾಗಿತ್ತು. ಅಷ್ಟು ದೂರಕ್ಕೆ ರೈಲೇ ಅನುಕೂಲವಾಗಬೇಕಿದ್ದರೂ, ಅದರ ಅವ್ಯವಸ್ಥೆಯಿಂದಾಗಿ ಸಾಗಣೆ ಲಾರಿಗಳ ಪಾಲಾಯಿತು. ಪ್ರತಿಸ್ಪರ್ಧಿ ಇರುವುದರಿಂದ ರೈಲ್ವೆ ಸುಧಾರಿಸಬೇಕಿತ್ತೆಂದು ಯಾರಾದರೂ ಭಾವಿಸಬಹುದು. ಆದರೆ ಆದದ್ದು ಬೇರೆ. ಗಟ್ಟಿಯಾಗಿ ದೂರಬಲ್ಲವರೇ ಮೊದಲು ಲಾರಿಗಳತ್ತ ಹೋದುದರಿಂದ, ರೈಲ್ವೆಗೆ ತನ್ನ ತಪ್ಪನ್ನು ತಿಳಿಸುವವರೇ ಉಳಿಯಲಿಲ್ಲ.

ಈ ಮಾತನ್ನು ಉಪಾಹಾರ ಮಂದಿರಕ್ಕೆ ಅನ್ವಯಿಸಿ ನೋಡಿರಿ. ರುಚಿಯ ಸೂಕ್ಷ್ಮ ಬಲ್ಲವರು, ಪದಾರ್ಥದ ಶುದ್ಧತೆಗೆ ಬೆಲೆ ಕೊಡುವವರು ಬದಲಾವಣೆಯನ್ನು ಮೊದಲು ಗುರುತಿಸುತ್ತಾರೆ, ಮೊದಲು ಹೊರಟುಹೋಗುತ್ತಾರೆ. ಉಳಿಯುವವರು ಗುರುತಿಸದವರು ಅಥವಾ ಬೇರೆ ಗತಿಯಿಲ್ಲದವರು. ಹೀಗಾಗಿ ಗುಣಮಟ್ಟ ಇಳಿದ ಬಳಿಕವೂ ದೂರುಗಳು ಏರುವ ಬದಲು ಇಳಿಯಬಹುದು. ದೂರುಗಳು ಇಳಿದುದನ್ನು ಕಂಡು ಸಂತೋಷಪಡುವ ಮಾಲೀಕರು ತಮ್ಮ ಒಳ್ಳೆಯ ಗಿರಾಕಿಗಳ ನಿರ್ಗಮನವನ್ನೇ ಸಂಭ್ರಮಿಸುತ್ತಿರಬಹುದು.

6. ಹೊರನಾಡಿನಲ್ಲಿರುವವರ ಮೌನ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಮುಂತಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಐದು ಮೆಟ್ಟಿಲುಗಳ ಜೊತೆಗೆ ಆರನೆಯದೊಂದಿದೆ, ಅದು ಭಾಷೆ. ಊರಿನ ಹೋಟೆಲಿನಲ್ಲಿ, "ಏನಪ್ಪಾ, ಇವತ್ತು ಸಾಂಬಾರಿಗೆ ಬೇರೆ ಎಣ್ಣೆ ಹಾಕಿದ್ದೀರಾ?" ಎಂದು ಸಲೀಸಾಗಿ ಕೇಳುವ ವ್ಯಕ್ತಿ, ಅರೆಬರೆ ಬಲ್ಲ ಭಾಷೆಯಲ್ಲಿ ಅದನ್ನೇ ಕೇಳಲು ಹಿಂಜರಿಯುತ್ತಾನೆ. ಕೇಳಿದ್ದು ಜಗಳವೆಂದು ತೋರೀತೆಂಬ ಅಂಜಿಕೆ ಅವನಿಗಿರುತ್ತದೆ. ಹೊಸದಾಗಿ ಊರು ಬಿಟ್ಟು ಬಂದ ವಿದ್ಯಾರ್ಥಿಗಳು, ಮಗನ ಮನೆಗೆ ಬಂದಿರುವ ವೃದ್ಧರು, ಕಟ್ಟಡದ ಕೆಲಸಕ್ಕೆ ಬಂದ ಕೂಲಿಗಾರರು ಈ ಕಾರಣದಿಂದಲೇ ಕೊಟ್ಟದ್ದನ್ನು ತಿಂದು ಸುಮ್ಮನಿರುತ್ತಾರೆ. ದೂರಿನ ಕಡತದಲ್ಲಿ ಅವರ ಹೆಸರು ಎಂದೂ ಕಾಣಿಸದು.

ಮೌನದ ಬೆಲೆಯನ್ನು ತೆರುವವರೂ ಹೆಚ್ಚಾಗಿ ಇಂತಹವರೇ. ಕಡಲೆಕಾಯಿ ಒಗ್ಗದ ಮಗುವೊಂದನ್ನು ನೆನೆಯಿರಿ. ಗೋಡಂಬಿ ಅರೆದು ಮಾಡುತ್ತಿದ್ದ ಗೊಜ್ಜಿಗೆ ಹೋಟೆಲಿನವರು ಮಿತವ್ಯಯಕ್ಕಾಗಿ ಕಡಲೆಕಾಯಿ ಸೇರಿಸತೊಡಗಿದರೆ, ನೂರಾರು ಮಂದಿಗೆ ಅದು ಸಂಗತಿಯೇ ಅಲ್ಲ. ಆ ಒಂದು ಮಗುವಿಗೆ ಪ್ರಾಣಾಪಾಯ. ಇಂತಹ ಬದಲಾವಣೆಯ ಬಗ್ಗೆ ಮೊದಲ ದೂರು ಬರುವುದು ಊಟದ ಮೇಜಿನಿಂದಲ್ಲ, ಆಸ್ಪತ್ರೆಯಿಂದ. ದೂರು ಬಂದ ಮೇಲೆ ನೋಡೋಣವೆಂಬ ಧೋರಣೆ ಇಲ್ಲಿ ಎಷ್ಟು ಅಪಾಯಕರವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

7. ಕಾಯದೆ ಅಳೆದವರು

ಹಾಗಾದರೆ ಬದಲಾವಣೆಯ ಪರಿಣಾಮವನ್ನು ತಿಳಿಯುವ ಬಗೆ ಯಾವುದು? ನ್ಯೂಯಾರ್ಕ್ ನಗರದ ಅನುಭವ ಇಲ್ಲಿ ಉಪಯುಕ್ತವಾಗಿದೆ. ಹೃದಯಕ್ಕೆ ಹಾನಿಕರವಾದ ಕೃತಕ ಟ್ರಾನ್ಸ್ ಕೊಬ್ಬನ್ನು ಉಪಾಹಾರ ಮಂದಿರಗಳಲ್ಲಿ ಬಳಸುವುದನ್ನು ಆ ನಗರದ ಆರೋಗ್ಯ ಮಂಡಳಿಯು 2006ರ ಡಿಸೆಂಬರ್‌ನಲ್ಲಿ ನಿರ್ಬಂಧಿಸಿತು. 2007 ಮತ್ತು 2008ರ ಜುಲೈ ತಿಂಗಳುಗಳಲ್ಲಿ ಎರಡು ಹಂತಗಳಾಗಿ ಈ ನಿಯಮ ಜಾರಿಗೆ ಬಂದಿತು. ಯಾರೂ ದೂರಲಿಲ್ಲವಾದುದರಿಂದ ಕೆಲಸವಾಯಿತೆಂದು ಅಧಿಕಾರಿಗಳು ಕೈತೊಳೆದುಕೊಳ್ಳಲಿಲ್ಲ. 2007ರಲ್ಲಿ ಒಮ್ಮೆ, 2009ರಲ್ಲಿ ಮತ್ತೊಮ್ಮೆ, ಮಧ್ಯಾಹ್ನದ ಊಟದ ವೇಳೆಯಲ್ಲಿ ಮಳಿಗೆಗಳ ಹೊರಗೆ ನಿಂತು ಸಾವಿರಾರು ಗಿರಾಕಿಗಳ ರಸೀದಿಗಳನ್ನು ಸಂಗ್ರಹಿಸಿ, ಅವರು ಕೊಂಡ ಆಹಾರದಲ್ಲಿದ್ದ ಕೊಬ್ಬನ್ನು ಲೆಕ್ಕಹಾಕಲಾಯಿತು. ಸರಾಸರಿ ಒಂದು ಖರೀದಿಗೆ ಟ್ರಾನ್ಸ್ ಕೊಬ್ಬು 2.4 ಗ್ರಾಂನಷ್ಟು ಇಳಿದಿತ್ತೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ನಮ್ಮ ದೇಶದಲ್ಲಿಯೂ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬಿನ ಅಂಶವು ನೂರಕ್ಕೆ 2ನ್ನು ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ.

ನ್ಯೂಯಾರ್ಕಿನಲ್ಲಿ ಅಳೆದದ್ದು ಕೊಬ್ಬನ್ನೇ ಹೊರತು ತೃಪ್ತಿಯನ್ನಲ್ಲ. ಆದರೂ ಅದರ ಪಾಠ ಸ್ಪಷ್ಟವಾಗಿದೆ. ಬದಲಾವಣೆಯನ್ನು ಮುಂಚಿತವಾಗಿ ತಿಳಿಸಲಾಯಿತು. ಮೊದಲು ಮತ್ತು ಅನಂತರದ ಸ್ಥಿತಿಗಳನ್ನು ಹೋಲಿಸಲಾಯಿತು. ದೂರಿದವರನ್ನಷ್ಟೇ ಅಲ್ಲದೆ ಸಾಮಾನ್ಯ ಗಿರಾಕಿಗಳನ್ನು ತಾವಾಗಿಯೇ ಸಮೀಪಿಸಲಾಯಿತು. ಸಣ್ಣ ಹೋಟೆಲಿನ ಮಾಲೀಕರೂ ತಮ್ಮ ಮಟ್ಟದಲ್ಲಿ ಇದನ್ನು ಅನುಸರಿಸಬಹುದು. ಪದಾರ್ಥ ಬದಲಾಗಿದೆಯೆಂದು ಫಲಕದಲ್ಲಿ ಬರೆಯಬಹುದು. ಪ್ರತಿದಿನ ಹತ್ತನೆಯ ಗಿರಾಕಿಯನ್ನು ನಿಲ್ಲಿಸಿ, "ಹೇಗಿತ್ತು?" ಎಂದು ಕೇಳುವ ಬದಲು, "ಎಣ್ಣೆ ಬದಲಾಯಿಸಿದ್ದೇವೆ, ನಿಮಗೆ ಒಪ್ಪಿಗೆಯೇ?" ಎಂದು ಕೇಳಬಹುದು. ಎಲೆಯಲ್ಲಿ ಉಳಿದದ್ದೆಷ್ಟು, ಲೋಟದಲ್ಲಿ ಬಿಟ್ಟದ್ದೆಷ್ಟು ಎಂದು ನೋಡಬಹುದು. ರೂಢಿಯ ಮುಖಗಳಲ್ಲಿ ಯಾವುವು ಕಾಣೆಯಾಗಿವೆಯೆಂದು ಲಕ್ಷ್ಯವಿಡಬಹುದು.

8. ಮೌನವು ತೃಪ್ತಿಯೂ ಆಗಬಹುದು

ಇಷ್ಟು ಹೇಳಿದ ಮಾತ್ರಕ್ಕೆ ಮೌನವೆಲ್ಲವೂ ಅಸಮಾಧಾನವೆಂದು ತೀರ್ಮಾನಿಸುವುದು ಮತ್ತೊಂದು ತಪ್ಪಾಗುತ್ತದೆ. ದೂರಿಲ್ಲದಿರುವುದು ತೃಪ್ತಿಗೆ ಪುರಾವೆಯಲ್ಲವಾದಂತೆ, ಅತೃಪ್ತಿಗೂ ಪುರಾವೆಯಲ್ಲ. ಬದಲಾವಣೆಯನ್ನು ಎಲ್ಲರಿಗೂ ಅರ್ಥವಾಗುವಂತೆ ತಿಳಿಸಿ, ದೂರಲು ಸುಲಭವಾದ ದಾರಿಯೊದಗಿಸಿ, ಹಿಂದೆ ಬಂದ ದೂರುಗಳಿಗೆ ಮರ್ಯಾದೆಯಿಂದ ಉತ್ತರ ಕೊಟ್ಟ ಮೇಲೆಯೂ ರೂಢಿಯ ಗಿರಾಕಿಗಳು ಬರುತ್ತಲೇ ಇದ್ದರೆ, ಆಗ ಮೌನಕ್ಕೆ ಬೆಲೆ ಬರುತ್ತದೆ. ಆ ಮೌನವನ್ನು ಸಮ್ಮತಿಯೆಂದು ತಿಳಿಯಲು ಆಧಾರವಿದೆ. ಅಂದರೆ, ಮೌನದ ಅರ್ಥವನ್ನು ನಿರ್ಧರಿಸುವುದು ಮೌನವಲ್ಲ. ಅದಕ್ಕೆ ಮುನ್ನ ನೀಡಲಾದ ಮಾಹಿತಿ ಮತ್ತು ಅವಕಾಶ.

9. ಬಳಕೆದಾರರ ಹಕ್ಕು ಮತ್ತು ಹೊಣೆ

2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಲ್ಲಿ ಹೇಳಲಾದ ಹಕ್ಕುಗಳಲ್ಲಿ ಎರಡು ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಸರಕಿನ ಗುಣ, ಪ್ರಮಾಣ, ಶುದ್ಧತೆ ಮತ್ತು ಬೆಲೆಗಳ ಬಗ್ಗೆ ಮಾಹಿತಿ ಪಡೆಯುವ ಹಕ್ಕು ಒಂದು. ತನ್ನ ಅಹವಾಲನ್ನು ಕೇಳಿಸಿಕೊಳ್ಳಲ್ಪಡುವ ಹಕ್ಕು ಇನ್ನೊಂದು. ಇವೆರಡೂ ಮೇಲೆ ವಿವರಿಸಿದ ಮೆಟ್ಟಿಲುಗಳನ್ನೇ ಭದ್ರಪಡಿಸುತ್ತವೆ. ಆದರೆ ಹಕ್ಕು ಬಳಸಿದವರಿಗೆ ಮಾತ್ರ ಫಲ ನೀಡುತ್ತದೆ. ಆದುದರಿಂದ ಬಳಕೆದಾರರು ಈ ಕೆಳಗಿನ ಅಂಶಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು.

(ಅ) ಕೇಂದ್ರ ಪರವಾನಗಿ ಪಡೆದ ಅಥವಾ 10 ಇಲ್ಲವೆ ಹೆಚ್ಚಿನ ಸ್ಥಳಗಳಲ್ಲಿ ಶಾಖೆಗಳಿರುವ ಉಪಾಹಾರ ಮಂದಿರಗಳು ತಿನಿಸಿನ ಕ್ಯಾಲೊರಿ, ಅಲರ್ಜಿ ಉಂಟುಮಾಡಬಲ್ಲ ಪದಾರ್ಥ ಮತ್ತು ಸಸ್ಯಾಹಾರ ಅಥವಾ ಮಾಂಸಾಹಾರದ ಚಿಹ್ನೆಯನ್ನು ತಿಂಡಿಪಟ್ಟಿಯಲ್ಲಿಯೇ ತಿಳಿಸಬೇಕೆಂಬ ನಿಯಮವಿದೆ. ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಕೇಳಬೇಕು.

(ಆ) ರಸೀದಿಯನ್ನು ತಪ್ಪದೆ ಪಡೆಯಬೇಕು. ಅದರ ಮೇಲೆ 14 ಅಂಕಿಗಳ ಆಹಾರ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಇರಬೇಕು. ದೂರು ನೀಡುವಾಗ ಹೋಟೆಲನ್ನು ಗುರುತಿಸಲು ಇದು ನೆರವಾಗುತ್ತದೆ.

(ಇ) ಪದಾರ್ಥದ ಬಗ್ಗೆ ಬಲವಾದ ಸಂಶಯವಿದ್ದರೆ, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ 40ನೆಯ ಪ್ರಕರಣದಂತೆ ಖರೀದಿದಾರರು ತಾವೇ ನಿಗದಿತ ಶುಲ್ಕ ತೆತ್ತು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಈ ಉದ್ದೇಶವನ್ನು ಖರೀದಿಯ ವೇಳೆಯಲ್ಲಿಯೇ ಮಾರಾಟಗಾರರಿಗೆ ತಿಳಿಸಬೇಕು. ಆಹಾರವು ನಿಯಮಬದ್ಧವಾಗಿಲ್ಲವೆಂದು ವರದಿ ಬಂದರೆ ಶುಲ್ಕ ಹಿಂದಿರುಗುತ್ತದೆ.

(ಈ) ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಇಲ್ಲಿ ಕನ್ನಡವೂ ಸೇರಿದಂತೆ 17 ಭಾಷೆಗಳಲ್ಲಿ ದೂರು ದಾಖಲಿಸಬಹುದು. ದೆಹಲಿಯಲ್ಲಿರಲಿ, ಚೆನ್ನೈನಲ್ಲಿರಲಿ, ಕನ್ನಡದಲ್ಲಿಯೇ ಹೇಳಿಕೊಳ್ಳಬಹುದಾದುದರಿಂದ ಭಾಷೆಯ ತೊಡಕು ಇಲ್ಲಿ ಅಡ್ಡಿಯಾಗದು.

(ಉ) ಪರಿಹಾರ ದೊರೆಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ತಾನು ವಾಸಿಸುವ ಅಥವಾ ಉದ್ಯೋಗ ಮಾಡುವ ಜಿಲ್ಲೆಯಲ್ಲಿಯೇ ಸಲ್ಲಿಸಲು ಅವಕಾಶವಿದೆ. ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ತೆತ್ತ ಹಣ 5 ಲಕ್ಷ ರೂಪಾಯಿಗಳವರೆಗೆ ಇರುವ ಪ್ರಕರಣಗಳಿಗೆ ಶುಲ್ಕವಿಲ್ಲ.

ಎಲ್ಲ ಅಸಮಾಧಾನವೂ ಆಯೋಗದ ಮೆಟ್ಟಿಲೇರಬೇಕಾಗಿಲ್ಲ. ಕೈ ತೊಳೆದು ಹೊರಡುವ ಮುನ್ನ ಮಾಲೀಕರ ಬಳಿ ನಿಂತು, ವಿನಯದಿಂದ, ಆದರೆ ಸ್ಪಷ್ಟವಾಗಿ ಒಂದು ಮಾತು ಹೇಳಿದರೆ ಎಷ್ಟೋ ಸಲ ಸಾಕಾಗುತ್ತದೆ. ಹೇಳುವವರು ತಮಗಾಗಿ ಮಾತ್ರ ಹೇಳುವುದಿಲ್ಲ. ಗುರುತಿಸಲಾರದವರ, ಹಿಂಜರಿದವರ, ಭಾಷೆ ಬಾರದವರ ಪರವಾಗಿಯೂ ಹೇಳುತ್ತಾರೆ.

10. ಸಾರಾಂಶ

ದೂರುಗಳ ಸಂಖ್ಯೆಯು ದೂರಿದವರ ಸಂಖ್ಯೆಯನ್ನು ಮಾತ್ರ ತಿಳಿಸುತ್ತದೆ. ದೂರದವರ ಮನಸ್ಸನ್ನು ತಿಳಿಯಬೇಕಾದರೆ ಅವರನ್ನು ಕೇಳಬೇಕು. ಕೇಳುವ ಮುನ್ನ, ಏನು ಬದಲಾಗಿದೆಯೆಂದು ಅವರಿಗೆ ತಿಳಿಸಬೇಕು. ತಿಳಿಸದೆ, ಕೇಳದೆ, ಮೌನವನ್ನು ಮೆಚ್ಚುಗೆಯೆಂದು ಸಾರುವ ವ್ಯಾಪಾರಿಯ ಮಾತನ್ನು ಬಳಕೆದಾರರು ಒಪ್ಪಬೇಕಾಗಿಲ್ಲ. ಅಂತೆಯೇ, ಹೇಳಬೇಕಾದಾಗ ಹೇಳದೆ ಎದ್ದುಹೋಗುವ ಬಳಕೆದಾರರು ತಮ್ಮ ಮೌನಕ್ಕೆ ಇತರರು ಬಯಸಿದ ಅರ್ಥ ಹಚ್ಚುವುದಕ್ಕೆ ಎಡೆಮಾಡಿಕೊಡುತ್ತಾರೆಂಬುದನ್ನೂ ಮರೆಯಬಾರದು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಒಂದನೆಯ ಭಾಗದ ಉದಾಹರಣೆಯಲ್ಲಿ ದೂರದಿದ್ದ 196 ಮಂದಿಯನ್ನು ಎಷ್ಟು ಗುಂಪುಗಳಾಗಿ ವಿಂಗಡಿಸಬಹುದು? ಅವರಲ್ಲಿ ತೃಪ್ತರೆಂದು ಖಚಿತವಾಗಿ ಹೇಳಬಹುದಾದವರು ಯಾರಾದರೂ ಇದ್ದಾರೆಯೇ?

2. 1985ರ ಮತ್ತು 1990ರ ಪ್ರಕರಣಗಳಲ್ಲಿ ಗಿರಾಕಿಗಳ ಪ್ರತಿಕ್ರಿಯೆ ಭಿನ್ನವಾಗಿರಲು ಕಾರಣಗಳೇನು? ಐದು ಮೆಟ್ಟಿಲುಗಳ ಆಧಾರದಿಂದ ವಿವರಿಸಿರಿ.

3. ಗುಣಮಟ್ಟ ಕುಸಿದಾಗ ದೂರುಗಳು ಕಡಿಮೆಯಾಗುವ ಸಾಧ್ಯತೆ ಹೇಗೆ ಉಂಟಾಗುತ್ತದೆ?

4. ನೀವು ನಿತ್ಯ ಹೋಗುವ ಹೋಟೆಲಿನಲ್ಲಿ ಪದಾರ್ಥದ ಬದಲಾವಣೆಯನ್ನು ತಿಳಿಸುವ ಫಲಕವಾಗಲಿ, ದೂರುಪುಸ್ತಕವಾಗಲಿ ಇದೆಯೇ ಎಂಬುದನ್ನು ಗಮನಿಸಿ, ನೆರೆಯವರೊಡನೆ ಚರ್ಚಿಸಿರಿ.